ಎಚ್‌ಐವಿ ತಡೆಯುವ ಔಷಧಿ: ದಿನದ ಮಾತ್ರೆಯಾ, ಬೇಕಾದಾಗಿನ ಮಾತ್ರೆಯಾ, ಇಂಜೆಕ್ಷನ್ನಾ?

ಎಚ್‌ಐವಿ ಇಲ್ಲದವರು, ಮುಂದೆಯೂ ಬಾರದಿರಲಿ ಅಂತ ಮೊದಲೇ ತೆಗೆದುಕೊಳ್ಳುವ ಔಷಧಿಗೆ ಪ್ರೆಪ್ ಅನ್ನುತ್ತಾರೆ. ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 2012ರಲ್ಲಿ. ಅಪಾಯ ಜಾಸ್ತಿ ಇರುವ ಎಲ್ಲರಿಗೂ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2015ರಲ್ಲಿ. ಮಾತ್ರೆ ನಮ್ಮ ದೇಶದ ಕಂಪನಿಗಳಲ್ಲೇ ತಯಾರಾಗುತ್ತದೆ, ಬೆಂಗಳೂರಿನಲ್ಲಿ ಸಿಗುತ್ತದೆ. ಆದರೂ ಕಬ್ಬನ್ ಪಾರ್ಕ್, ಮೆಜೆಸ್ಟಿಕ್, ಯಶವಂತಪುರದ ಕಡೆ ನಾನು ಮಾತಾಡಿಸುವವರಲ್ಲಿ ಎಷ್ಟೋ ಜನ ಇದರ ಹೆಸರನ್ನೇ ಕೇಳಿರುವುದಿಲ್ಲ. ಕೇಳಿದವರಲ್ಲಿ ಶುರು ಮಾಡುವವರು ಕಡಿಮೆ. ಶುರು ಮಾಡಿದವರಲ್ಲಿ ಕೆಲವೇ ತಿಂಗಳಿಗೆ ಬಿಟ್ಟುಬಿಡುವವರೂ ಇದ್ದಾರೆ.

ನಾನು ಕೌನ್ಸೆಲಿಂಗ್ ಕೆಲಸದಲ್ಲಿರುವವಳು. ಎಲ್ಲರೂ ಕೇಳುವ ಮೊದಲ ಪ್ರಶ್ನೆ, "ಯಾವುದು ಬೆಸ್ಟು?" ಅಂತ. ಶೇಕಡಾ ಎಷ್ಟು ರಕ್ಷಣೆ ಅನ್ನುವ ಲೆಕ್ಕದಿಂದ ಶುರು ಮಾಡಬೇಡಿ ಅನ್ನುತ್ತೇನೆ ನಾನು. ಡಬ್ಬಿ ಎಲ್ಲಿಡುತ್ತೀರಿ? ಅದನ್ನು ಯಾರು ನೋಡುತ್ತಾರೆ? ಇವತ್ತು ಸೆಕ್ಸ್ ಆಗುತ್ತದೆ ಅಂತ ನಿಮಗೆ ಮುಂಚೆ ಗೊತ್ತಾಗುತ್ತದಾ? ಮೂರು ತಿಂಗಳಿಗೊಮ್ಮೆ ಟೆಸ್ಟಿಗೆ ಬರಲು ಆಗುತ್ತದಾ? ಮೊದಲು ಇದನ್ನು ಯೋಚಿಸಿ.

ಹೀಗೆ ಹೇಳಲು ಗಟ್ಟಿ ಕಾರಣ ಇದೆ. 2010ರಲ್ಲಿ ಐಪ್ರೆಕ್ಸ್ ಅನ್ನುವ ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಗಂಡಸರ ಜೊತೆ ಮಲಗುವ ಗಂಡಸರು ಮತ್ತು ಟ್ರಾನ್ಸ್ ಮಹಿಳೆಯರು (ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕುವವರು) ಅದರಲ್ಲಿ ಇದ್ದರು. ಮಾತ್ರೆ ಕೊಟ್ಟ ಗುಂಪಿನಲ್ಲಿ ಸೋಂಕು ಶೇ. 44 ಕಡಿಮೆಯಾಗಿತ್ತು. ಆದರೆ ರಕ್ತದಲ್ಲಿ ಔಷಧಿ ನಿಜವಾಗಿ ಇದ್ದವರನ್ನು ಮಾತ್ರ ನೋಡಿದರೆ ರಕ್ಷಣೆ ಶೇ. 90 ದಾಟಿತ್ತು. ಆಮೇಲೆ ಆಫ್ರಿಕಾದ ಮಹಿಳೆಯರಲ್ಲಿ ನಡೆದ ಎರಡು ಅಧ್ಯಯನಗಳಲ್ಲಿ ಮಾತ್ರೆಯಿಂದ ಏನೂ ಲಾಭ ಕಾಣಲಿಲ್ಲ. ರಕ್ತ ನೋಡಿದರೆ ಹೆಚ್ಚಿನವರು ಮಾತ್ರೆ ತೆಗೆದುಕೊಂಡೇ ಇರಲಿಲ್ಲ. ಗಂಡ ನೋಡಿದರೆ ಏನಂದಾನು, ಅಕ್ಕಪಕ್ಕದವರು ನನಗೇ ಕಾಯಿಲೆ ಅಂದುಕೊಂಡಾರು ಅನ್ನುವ ಭಯ ಅವರಿಗಿತ್ತು. ನಮ್ಮಲ್ಲೂ ಅದೇ ಭಯ ಅಲ್ವಾ?

ಯಾವುದನ್ನೇ ಆರಿಸಿ, ಮೊದಲು ಟೆಸ್ಟ್

ಪ್ರೆಪ್ ಶುರು ಮಾಡುವ ಮೊದಲು ಎಚ್‌ಐವಿ ಟೆಸ್ಟ್ ಆಗಲೇಬೇಕು. ಆಗಲೇ ಸೋಂಕು ಇದ್ದು, ಗೊತ್ತಿಲ್ಲದೆ ಪ್ರೆಪ್ ತೆಗೆದುಕೊಂಡರೆ ವೈರಸ್ ಆ ಔಷಧಿಗೆ ಬಗ್ಗದ ಹಾಗೆ ಬದಲಾಗಬಹುದು. ಮುಂದೆ ಚಿಕಿತ್ಸೆಗೆ ಅದು ತೊಂದರೆ. ಇತ್ತೀಚಿನ ವಾರಗಳಲ್ಲಿ ರಕ್ಷಣೆ ಇಲ್ಲದ ಸೆಕ್ಸ್ ಆಗಿ, ಆಮೇಲೆ ಜ್ವರ, ಗಂಟಲು ನೋವು, ಮೈಮೇಲೆ ಗಂಧೆ ಬಂದಿದ್ದರೆ ಅದನ್ನು ಮುಚ್ಚಿಡದೆ ಹೇಳಿ. ಸೋಂಕು ಹೊಸದಾಗಿದ್ದರೆ ಟೆಸ್ಟಿನಲ್ಲಿ ಕಾಣದೇ ಇರಬಹುದು.

ಇದರ ಜೊತೆಗೆ ಹೆಪಟೈಟಿಸ್ ಬಿ, ಕಿಡ್ನಿಗೆ ಕ್ರಿಯಾಟಿನಿನ್, ಸಿಫಿಲಿಸ್ ಟೆಸ್ಟ್ ಮಾಡಿಸಬೇಕು. ಹೆಪಟೈಟಿಸ್ ಬಿ ಟೆಸ್ಟನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ, ನನಗೆ ಅದೇ ಬೇಜಾರು. ಪ್ರೆಪ್ ಮಾತ್ರೆ ಆ ವೈರಸ್ಸನ್ನೂ ಹಿಡಿದಿಡುತ್ತದೆ. ಹೆಪಟೈಟಿಸ್ ಬಿ ಇರುವವರು ಮಾತ್ರೆಯನ್ನು ತಟ್ಟನೆ ಬಿಟ್ಟರೆ ಲಿವರ್ ಕೆರಳಬಹುದು. ಅಂಥವರು ಡಾಕ್ಟರನ್ನು ಕೇಳದೆ ಶುರು ಮಾಡಲೂ ಬಾರದು, ನಿಲ್ಲಿಸಲೂ ಬಾರದು. ಇಲ್ಲದವರು ಲಸಿಕೆ ಹಾಕಿಸಿಕೊಳ್ಳುವುದು ಒಳ್ಳೆಯದು.

ಎಚ್‌ಐವಿ ಟೆಸ್ಟ್ ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿಯಲ್ಲಿ (ಕೌನ್ಸೆಲಿಂಗ್ ಮತ್ತು ಟೆಸ್ಟ್ ಮಾಡುವ ಕೇಂದ್ರ) ಉಚಿತ. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ, ಕೆಲವು ವಿಶೇಷ ಸಂದರ್ಭ ಬಿಟ್ಟರೆ, ನಿಮ್ಮ ಒಪ್ಪಿಗೆ ಇಲ್ಲದೆ ಯಾರೂ ಟೆಸ್ಟ್ ಮಾಡುವ ಹಾಗಿಲ್ಲ, ಫಲಿತಾಂಶವನ್ನು ಬೇರೆಯವರಿಗೆ ಹೇಳುವ ಹಾಗೂ ಇಲ್ಲ. ಮನೆಗೆ ಕಾಗದ ಹೋಗುತ್ತದೆ ಅಂತ ಹೆದರಿ ಟೆಸ್ಟಿಗೇ ಬಾರದವರಿದ್ದಾರೆ. ಅವರಿಗೆ ಈ ಮಾತನ್ನು ದಯವಿಟ್ಟು ತಲುಪಿಸಿ.

ದಿನಕ್ಕೊಂದು ಮಾತ್ರೆ

ಟೆನೊಫೊವಿರ್ 300 ಮಿಲಿಗ್ರಾಂ, ಎಮ್ಟ್ರಿಸಿಟಾಬಿನ್ 200 ಮಿಲಿಗ್ರಾಂ, ಎರಡೂ ಒಂದೇ ಮಾತ್ರೆಯಲ್ಲಿ. ಡಬ್ಬಿಯಲ್ಲಿ ಮೂವತ್ತು. ಲೇಬಲ್ಲಿನಲ್ಲಿ ಮೂರನೇ ಔಷಧಿಯ ಹೆಸರು ಕಂಡರೆ ನುಂಗುವ ಮೊದಲು ಡಾಕ್ಟರನ್ನು ಕೇಳಿ, ಅದು ಚಿಕಿತ್ಸೆಯ ಮಾತ್ರೆ ಇರಬಹುದು.

ಟೆಸ್ಟುಗಳು ಸರಿ ಬಂದರೆ ಹೆಚ್ಚುಕಡಿಮೆ ಎಲ್ಲರಿಗೂ ಹೊಂದುವುದು ಇದು. ಗಂಡಸರು, ಹೆಂಗಸರು, ಟ್ರಾನ್ಸ್ ಮಹಿಳೆಯರು, ಟ್ರಾನ್ಸ್ ಪುರುಷರು (ಹೆಣ್ಣಾಗಿ ಹುಟ್ಟಿ ಗಂಡಾಗಿ ಬದುಕುವವರು), ಸೂಜಿಯಲ್ಲಿ ನಶೆ ತೆಗೆದುಕೊಳ್ಳುವವರು, ಬಸುರಿ, ಬಾಣಂತಿ, ಯಾರಿಗೂ ಆಗುತ್ತದೆ. ತಪ್ಪದೆ ತೆಗೆದುಕೊಂಡರೆ ಸೆಕ್ಸಿನಿಂದ ಬರುವ ಸೋಂಕನ್ನು ಸುಮಾರು ಶೇ. 99 ತಡೆಯುತ್ತದೆ. ಸೂಜಿ ಹಂಚಿಕೊಳ್ಳುವುದರಿಂದ ಬರುವುದನ್ನು ಕನಿಷ್ಠ ಶೇ. 74. ಗರ್ಭನಿರೋಧಕ ಮಾತ್ರೆಗೆ ಇದರಿಂದ ತೊಂದರೆ ಇಲ್ಲ.

ರಕ್ಷಣೆ ಮೊದಲ ದಿನದಿಂದಲೇ ಸಿಗುವುದಿಲ್ಲ. ಗುದದ ಮೂಲಕ ಸೆಕ್ಸ್ ಆದರೆ ಏಳು ದಿನ ಬೇಕು. ಯೋನಿಯ ಒಳಪದರದಲ್ಲಿ ಔಷಧಿ ನಿಧಾನಕ್ಕೆ ಸೇರುತ್ತದೆ. ವಾರ ಸಾಕು ಅಂತ ಒಂದು ಮಾರ್ಗಸೂಚಿ ಹೇಳಿದರೆ, ಮೂರು ವಾರ ಅಂತ ಇನ್ನೊಂದು ಹೇಳುತ್ತದೆ. ಹೆಂಗಸರಿಗೆ ನಾನು ಮೂರು ವಾರ ಕಾಂಡೋಮ್ ಬಿಡಬೇಡಿ ಅನ್ನುತ್ತೇನೆ. ಇದೇ ಕಾರಣಕ್ಕೆ ಹೆಂಗಸರು ಮಾತ್ರೆ ತಪ್ಪಿಸುವುದು ಜಾಸ್ತಿ ಅಪಾಯ. ಗಂಡಸರಿಗೆ ವಾರದಲ್ಲಿ ಒಂದೆರಡು ತಪ್ಪಿದರೂ ಗುದದ ಸೆಕ್ಸಿನಲ್ಲಿ ರಕ್ಷಣೆ ಸಾಕಷ್ಟು ಉಳಿಯುತ್ತದೆ. ಹೆಂಗಸರಿಗೆ ಅಷ್ಟು ಸಡಿಲ ಇಲ್ಲ.

ಮೊದಲ ಕೆಲವು ವಾರ ವಾಕರಿಕೆ, ತಲೆನೋವು, ಹೊಟ್ಟೆ ಉಬ್ಬರ ಬರಬಹುದು. ಬಹಳ ಜನ ಬಿಡುವುದು ಇಲ್ಲೇ. ಇದು ತಾನಾಗಿ ಹೋಗುತ್ತದೆ, ರಾತ್ರಿ ಊಟ ಆದ ಮೇಲೆ ತೆಗೆದುಕೊಂಡರೆ ಸುಲಭ ಅಂತ ಮೊದಲ ದಿನವೇ ಒಬ್ಬರು ಹೇಳಿದ್ದರೆ ಎಷ್ಟೋ ಜನ ಉಳಿಯುತ್ತಿದ್ದರು. ಕಿಡ್ನಿಯ ಮೇಲೆ ಪರಿಣಾಮ ಆಗುವುದು ಅಪರೂಪ, ಆದರೆ ಟೆಸ್ಟ್ ಬಿಡುವ ಹಾಗಿಲ್ಲ. ಕೀಲುನೋವು, ಸೊಂಟನೋವು ಅಂತ ದಿನಾ ನೋವಿನ ಮಾತ್ರೆ ನುಂಗುವ ಅಭ್ಯಾಸ ಇದ್ದರೆ ಹೇಳಿ, ಎರಡೂ ಸೇರಿ ಕಿಡ್ನಿಗೆ ಭಾರ. ಕುಡಿದ ದಿನ ಮಾತ್ರೆ ತೆಗೆದುಕೊಂಡರೆ ಲಿವರ್ ಹೋಗುತ್ತೆ ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತದೆ. ಕುಡಿತಕ್ಕೂ ಈ ಮಾತ್ರೆಗೂ ನೇರ ಜಗಳ ಇಲ್ಲ. ಕುಡಿದವರು ಮಾತ್ರೆ ಮರೆಯುತ್ತಾರೆ, ತೊಂದರೆ ಅದು.

ಇನ್ನು ಡಬ್ಬಿಯ ವಿಷಯ. ದಿನದ ಮಾತ್ರೆಯನ್ನು ಸೋಲಿಸುವುದು ಹೆಚ್ಚಾಗಿ ಇದೇ. ಎಚ್‌ಐವಿ ಇರುವವರ ಮಾತ್ರೆ ಡಬ್ಬಿ ಹೇಗಿರುತ್ತದೋ ಇದೂ ಹಾಗೇ ಇರುತ್ತದೆ. ಬಿಳಿ ಪ್ಲಾಸ್ಟಿಕ್, ದಪ್ಪ ಮುಚ್ಚಳ, ಎತ್ತಿದರೆ ಗಲಗಲ ಶಬ್ದ. ಮೆಜೆಸ್ಟಿಕ್ ಕಡೆ ಲೈಂಗಿಕ ಕೆಲಸ ಮಾಡುವ ಒಬ್ಬಾಕೆ ಮೇಜಿನ ಮೇಲಿದ್ದ ಡಬ್ಬಿ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದಳು.

"ಅಕ್ಕಾ, ಮಾತ್ರೆ ಬೇಡ ಅಂತಲ್ಲ. ಇದನ್ನ ಎಲ್ಲಿಡ್ಲಿ ಹೇಳಿ."

"ನಿನ್ ಬ್ಯಾಗಲ್ಲಿ ಆಗಲ್ವಾ?"

"ಪೊಲೀಸ್ನೋರು ಬ್ಯಾಗೇ ಸುರೀತಾರೆ. ಮನೇಲಿಡೋಣ ಅಂದ್ರೆ ಮಗಳು ಹತ್ತನೇ ಕ್ಲಾಸು. ಲೇಬಲ್ ಓದಿ ಫೋನಲ್ಲಿ ಹುಡುಕ್ತಾಳೆ."

ನಾವು ಕೊನೆಗೆ ಕಂಡುಕೊಂಡ ದಾರಿ ಇದು. ದೊಡ್ಡ ಡಬ್ಬಿ ಸಂಸ್ಥೆಯ ಡ್ರಾಪ್ ಇನ್ ಸೆಂಟರಿನ (ಸಮುದಾಯದವರು ಬಂದು ಹೋಗುವ ಜಾಗ) ಬೀರುವಿನಲ್ಲಿ. ವಾರಕ್ಕೆ ಬೇಕಾದಷ್ಟು ಮಾತ್ರೆ ಮಾತ್ರ ಒಂದು ಚಿಕ್ಕ ಡಬ್ಬಿಯಲ್ಲಿ, ಶಬ್ದ ಬಾರದ ಹಾಗೆ ಮೇಲೆ ಹತ್ತಿ ತುಂಬಿ. ಮಾತ್ರೆಗೆ ತೇವ ಆಗಿಬರುವುದಿಲ್ಲ, ಆದ್ದರಿಂದ ಬಚ್ಚಲಲ್ಲಿ ಬಚ್ಚಿಡಬೇಡಿ, ಒಂದು ವಾರಕ್ಕಿಂತ ಜಾಸ್ತಿ ಹೊರಗೆ ತೆಗೆದಿಡಬೇಡಿ. ಮಕ್ಕಳ ಕೈಗೂ ಸಿಗಬಾರದು.

ಅಂದ ಹಾಗೆ, ಬ್ಯಾಗಿನಲ್ಲಿ ಕಾಂಡೋಮ್ ಸಿಕ್ಕಿತು ಅಂತ ಅದನ್ನೇ ಅಪರಾಧಕ್ಕೆ ಸಾಕ್ಷಿ ಮಾಡಬಾರದು ಅನ್ನುವ ಶಿಫಾರಸನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳ ಆದೇಶದಲ್ಲಿ ಪೊಲೀಸರಿಗೆ ದಾಟಿಸಿದೆ. ಬೀದಿಯಲ್ಲಿ ನಿಂತವಳಿಗೆ ಈ ವಿಷಯ ಗೊತ್ತಿದ್ದರೆ ಒಂದಿಷ್ಟು ಧೈರ್ಯ.

ಬೇಕಾದಾಗ ಮಾತ್ರ ತೆಗೆದುಕೊಳ್ಳುವ ಕ್ರಮ

ಮಾತ್ರೆ ಅದೇ, ತೆಗೆದುಕೊಳ್ಳುವ ರೀತಿ ಬೇರೆ. ಮೊದಲು ಎರಡು, ಆಮೇಲೆ ಒಂದು, ಮತ್ತೊಂದು. ಶನಿವಾರ ರಾತ್ರಿ ಯಾರನ್ನೋ ನೋಡುವುದಿದೆ ಅಂದುಕೊಳ್ಳಿ. ಸಂಜೆ ಎಂಟಕ್ಕೆ ಎರಡು ಮಾತ್ರೆ ಒಟ್ಟಿಗೆ. ಸೆಕ್ಸ್ ಹತ್ತು ಗಂಟೆಯ ಮೇಲೆ, ಅಂದರೆ ಕನಿಷ್ಠ ಎರಡು ಗಂಟೆ ಅಂತರ ಬೇಕು. ಹೆಚ್ಚೆಂದರೆ 24 ಗಂಟೆ ಮುಂಚೆ ತೆಗೆದುಕೊಳ್ಳಬಹುದು. ಭಾನುವಾರ ಎಂಟಕ್ಕೆ ಒಂದು, ಸೋಮವಾರ ಎಂಟಕ್ಕೆ ಒಂದು. ಭಾನುವಾರವೂ ಸೆಕ್ಸ್ ಆಯಿತಾ? ಹಾಗಾದರೆ ಕೊನೆಯ ಸಲ ಆದ ಮೇಲೆ ಎರಡು ದಿನ ಆಗುವ ತನಕ ದಿನಕ್ಕೊಂದು ಮುಂದುವರಿಸಿ. ಫ್ರಾನ್ಸ್ ಮತ್ತು ಕೆನಡಾದಲ್ಲಿ ನಡೆದ ಇಪರ್ಗೆ ಅಧ್ಯಯನದಲ್ಲಿ ಈ ಕ್ರಮದಿಂದ ಸೋಂಕು ಶೇ. 86 ಕಡಿಮೆಯಾಗಿತ್ತು.

ಖರ್ಚು ಕಡಿಮೆ, ಡಬ್ಬಿ ಬಚ್ಚಿಡುವ ತಲೆನೋವು ಕಡಿಮೆ. ಮದುವೆಯಾಗಿ ಮನೆಯಲ್ಲಿ ಹೆಂಡತಿ ಇದ್ದು, ಅಪರೂಪಕ್ಕೆ ಗಂಡಸರನ್ನು ಭೇಟಿಯಾಗುವವರು, ಪಿಜಿಯಲ್ಲಿ ರೂಂಮೇಟ್ ಇರುವ ಹುಡುಗರು ಇದನ್ನೇ ಕೇಳುತ್ತಾರೆ. ಅವರಿಗೆ ಇದು ಒಳ್ಳೆಯ ಆಯ್ಕೆ. ಆದರೆ ಆ್ಯಪ್‌ನಲ್ಲಿ ಮೆಸೇಜ್ ಬಂದ ಅರ್ಧ ಗಂಟೆಯಲ್ಲಿ ಹೊರಡುವ ಅಭ್ಯಾಸ ಇದ್ದರೆ ಮೊದಲ ಎರಡು ಮಾತ್ರೆಗೆ ಟೈಮೇ ಸಿಗುವುದಿಲ್ಲ. ವಾರದಲ್ಲಿ ಎರಡು ಮೂರು ಸಲ ಭೇಟಿ ಇದ್ದರೂ ಲೆಕ್ಕ ತಪ್ಪುತ್ತದೆ. ಅಂಥವರು ದಿನದ ಮಾತ್ರೆಗೇ ಬಂದರೆ ಸುಲಭ.

ಇದನ್ನು ಯಾರು ಮಾಡಬಾರದು ಅನ್ನುವುದನ್ನು ಒತ್ತಿ ಹೇಳುತ್ತೇನೆ. ಹೆಂಗಸರು ಮಾಡಬಾರದು. ಯೋನಿಯ ಮೂಲಕ ಸೆಕ್ಸ್ ಮಾಡುವ ಟ್ರಾನ್ಸ್ ಪುರುಷರು ಮಾಡಬಾರದು. ಈಸ್ಟ್ರೋಜನ್ ಹಾರ್ಮೋನ್ ತೆಗೆದುಕೊಳ್ಳುವ ಟ್ರಾನ್ಸ್ ಮಹಿಳೆಯರು ಮಾಡಬಾರದು. ಹೆಪಟೈಟಿಸ್ ಬಿ ಇರುವವರು ಮಾಡಬಾರದು. ಒಬ್ಬ ಗೆಳೆಯನಿಗೆ ಆಗಿಬಂತು ಅಂತ ಅದೇ ಲೆಕ್ಕವನ್ನು ಗೆಳತಿಗೆ ವಾಟ್ಸಾಪಿನಲ್ಲಿ ಕಳಿಸುವವರಿದ್ದಾರೆ. ಅದರಿಂದ ಆಕೆಗೆ ರಕ್ಷಣೆ ಇದೆ ಅನ್ನುವ ಸುಳ್ಳು ನಂಬಿಕೆ ಬರುತ್ತದೆ, ಅಷ್ಟೇ.

ಇಂಜೆಕ್ಷನ್

ಮಾತ್ರೆಯ ಎಲ್ಲ ಗೋಳಿಗೆ ಇದೇ ಉತ್ತರ ಅಂತ ಜನ ಕಾಯುತ್ತಿದ್ದಾರೆ, ಅದರಲ್ಲಿ ಅರ್ಥ ಇದೆ. ಡಬ್ಬಿ ಇಲ್ಲ, ಶಬ್ದ ಇಲ್ಲ, ನೆನಪಿಡುವುದು ಇಲ್ಲ.

ಮೊದಲನೆಯದು ಕ್ಯಾಬೊಟೆಗ್ರಾವಿರ್. ಪೃಷ್ಠಕ್ಕೆ ಚುಚ್ಚುತ್ತಾರೆ. ಮೊದಲ ಎರಡು ಡೋಸ್ ನಾಲ್ಕು ವಾರದ ಅಂತರದಲ್ಲಿ, ಆಮೇಲೆ ಎಂಟು ವಾರಕ್ಕೊಮ್ಮೆ. ಒಂದು ಅಧ್ಯಯನದಲ್ಲಿ ದಿನದ ಮಾತ್ರೆ ಪಡೆದವರಿಗಿಂತ ಇದನ್ನು ಚುಚ್ಚಿಸಿಕೊಂಡ ಗಂಡಸರು ಮತ್ತು ಟ್ರಾನ್ಸ್ ಮಹಿಳೆಯರಲ್ಲಿ ಸೋಂಕು ಶೇ. 66 ಕಡಿಮೆ ಇತ್ತು. ಮಾತ್ರೆ ಕೆಟ್ಟದ್ದು ಅಂತ ಇದರ ಅರ್ಥ ಅಲ್ಲ, ಮಾತ್ರೆ ತಪ್ಪಿಸಿದವರು ಜಾಸ್ತಿ ಇದ್ದರು. ಸೊಂಟದ ಕೆಳಗೆ ಸಿಲಿಕೋನ್ ತುಂಬಿಸಿಕೊಂಡಿರುವವರು ಈ ಇಂಜೆಕ್ಷನ್‌ಗೆ ಮೊದಲು ಡಾಕ್ಟರಿಗೆ ಹೇಳಬೇಕು.

ಎರಡನೆಯದು ಲೆನಕಾಪವಿರ್. ಹೊಟ್ಟೆಯ ಚರ್ಮದ ಕೆಳಗೆ, ಆರು ತಿಂಗಳಿಗೊಮ್ಮೆ. ಶುರುವಿನ ಎರಡು ದಿನ ಅದರದ್ದೇ ಮಾತ್ರೆಯೂ ಇರುತ್ತದೆ. ದಕ್ಷಿಣ ಆಫ್ರಿಕಾ ಮತ್ತು ಉಗಾಂಡಾದ ಅಧ್ಯಯನದಲ್ಲಿ ಈ ಇಂಜೆಕ್ಷನ್ ಪಡೆದ ಎರಡು ಸಾವಿರಕ್ಕೂ ಹೆಚ್ಚು ಯುವತಿಯರಲ್ಲಿ ಒಬ್ಬರಿಗೂ ಎಚ್‌ಐವಿ ಬರಲಿಲ್ಲ. ಅದನ್ನು ಓದಿದ ದಿನ ನನಗೆ ಕಣ್ಣು ತುಂಬಿ ಬಂತು. ಅಮೆರಿಕ 2025ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು, ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿತು. ಹೈದರಾಬಾದಿನ ಡಾ. ರೆಡ್ಡೀಸ್ ಮತ್ತು ಹೆಟೆರೊ ಕಂಪನಿಗಳು ಇದನ್ನು 2027ರಿಂದ ವರ್ಷಕ್ಕೆ ಸುಮಾರು 40 ಡಾಲರಿಗೆ, 120 ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗೆ ಕೊಡುವ ಯೋಜನೆ 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾಗಿದೆ.

ಆದರೆ ಇವು ಸಾಮಾನ್ಯ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಔಷಧಿಗಳಲ್ಲ. ಇಂಜೆಕ್ಷನ್ ಬರಲಿ ನೋಡೋಣ ಅಂತ ಈಗ ಸುಮ್ನೆ ಕೂರುವುದನ್ನು ನಾನು ಒಪ್ಪುವುದಿಲ್ಲ. ಅಪಾಯ ಇವತ್ತು ಇದೆ, ಮಾತ್ರೆ ಇವತ್ತು ಸಿಗುತ್ತದೆ. ಇಂಜೆಕ್ಷನ್ ಕೈಗೆ ಸಿಕ್ಕಾಗ ಬದಲಾಯಿಸಿಕೊಳ್ಳಬಹುದು. ಅದಕ್ಕೂ ಅದರದ್ದೇ ತೊಡಕು ಇದೆ. ನಿಲ್ಲಿಸಿದ ಮೇಲೂ ಔಷಧಿ ಒಂದು ವರ್ಷ, ಅದಕ್ಕಿಂತ ಜಾಸ್ತಿ ಕಾಲ ಅಲ್ಪಸ್ವಲ್ಪ ಮೈಯಲ್ಲಿ ಉಳಿಯುತ್ತದೆ. ಆಗ ಸೋಂಕು ತಗುಲಿದರೆ ವೈರಸ್ ಔಷಧಿಗೆ ಬಗ್ಗದ ಅಪಾಯ ಇದೆ. ಅಪಾಯ ಮುಗಿದಿಲ್ಲದಿದ್ದರೆ ಇಂಜೆಕ್ಷನ್ ಬಿಟ್ಟ ಕೂಡಲೇ ಮಾತ್ರೆಗೆ ಬರಬೇಕು. ಟಿಬಿಗೆ ಕೊಡುವ ರಿಫಾಂಪಿಸಿನ್ ಈ ಎರಡೂ ಇಂಜೆಕ್ಷನ್‌ಗಳ ಬಲ ಕುಗ್ಗಿಸುತ್ತದೆ. ನಮ್ಮ ಊರಲ್ಲಿ ಟಿಬಿ ಅಪರೂಪ ಅಲ್ಲ, ಆದ್ದರಿಂದ ಈ ವಿಷಯ ನೆನಪಿರಲಿ.

ತಿಂಗಳಿಗೊಮ್ಮೆ ಯೋನಿಯೊಳಗೆ ಇಡುವ ಡಪಿವಿರಿನ್ ಉಂಗುರವೂ ಇದೆ. ಆಫ್ರಿಕಾದ ಕೆಲವು ದೇಶಗಳಲ್ಲಿ ಬಳಕೆಯಲ್ಲಿದೆ. ಇಲ್ಲಿ ಆರಿಸಿಕೊಳ್ಳುವವರಿಗೆ ಸದ್ಯಕ್ಕೆ ಅದು ಲೆಕ್ಕಕ್ಕಿಲ್ಲ.

ಕಾಂಡೋಮ್, ಪೆಪ್, ಸಂಗಾತಿಯ ಚಿಕಿತ್ಸೆ

ಪ್ರೆಪ್ ತಡೆಯುವುದು ಎಚ್‌ಐವಿಯನ್ನು ಮಾತ್ರ. ಸಿಫಿಲಿಸ್, ಗೊನೊರಿಯಾ, ಬೇಡದ ಬಸಿರು, ಇವಕ್ಕೆಲ್ಲ ಕಾಂಡೋಮೇ ಬೇಕು. ಲೈಂಗಿಕ ಕಾರ್ಯಕರ್ತೆಯರ ಸಂಘಟನೆಗಳು ಎತ್ತುವ ಒಂದು ಆತಂಕ ಇಲ್ಲಿ ಮುಖ್ಯ. ಮಾತ್ರೆ ಇದೆ ಅಂತ ಗೊತ್ತಾದರೆ ಗಿರಾಕಿ ಕಾಂಡೋಮ್ ಬೇಡ ಅನ್ನುತ್ತಾನೆ. ಇಷ್ಟು ವರ್ಷ ಹೋರಾಡಿ ಗಳಿಸಿದ ಮಾತು ಬಿದ್ದುಹೋಗುತ್ತದೆ. ಈ ಆತಂಕ ನಿಜವಾದದ್ದು. ಅದಕ್ಕೇ ಮಾತ್ರೆಯ ಸುದ್ದಿಯನ್ನು ಗಿರಾಕಿಗೆ ಹೇಳಲೇಬೇಡಿ ಅನ್ನುತ್ತೇನೆ. ಅದು ನಿಮ್ಮ ಮೈ ಕಾಯಲು ನೀವು ಇಟ್ಟುಕೊಂಡಿದ್ದು. ಇನ್ನೊಂದು ಮಾತೂ ಹೇಳಬೇಕು. ಗಿರಾಕಿಯ ಜೊತೆ ಕಾಂಡೋಮ್ ಬಿಡದವಳು, ಖಾಯಂ ಇರುವವನ ಜೊತೆ ಬಿಡುತ್ತಾಳೆ. ಅವನ ಹತ್ತಿರ ಕಾಂಡೋಮ್ ಅಂದರೆ ನನ್ನ ಮೇಲೆ ನಂಬಿಕೆ ಇಲ್ವಾ ಅಂತ ಜಗಳ. ಪ್ರೆಪ್ ಹೆಚ್ಚು ಕೆಲಸಕ್ಕೆ ಬರುವುದು ಅಲ್ಲಿ.

ಪೆಪ್ ಬೇರೆ. ಕಾಂಡೋಮ್ ಹರಿದಿದೆ, ಯಾರೋ ಬಲವಂತ ಮಾಡಿದ್ದಾರೆ, ಇಂಥ ಸಂದರ್ಭದಲ್ಲಿ 72 ಗಂಟೆಯೊಳಗೆ ಶುರು ಮಾಡಿ 28 ದಿನ ತೆಗೆದುಕೊಳ್ಳುವ ಔಷಧಿ. ಎಷ್ಟು ಬೇಗ ಅಷ್ಟು ಒಳ್ಳೆಯದು. ದೊಡ್ಡ ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ ಕೇಳಿ, ಬೆಳಗಾಗಲಿ ಅಂತ ಕಾಯಬೇಡಿ. ಎರಡು ಮೂರು ಸಲ ಪೆಪ್ ಬೇಕಾಯಿತು ಅಂದರೆ ನಿಮಗೆ ಪ್ರೆಪ್ ಬೇಕು ಅಂತಲೇ ಅರ್ಥ.

ಸಂಗಾತಿಗೆ ಎಚ್‌ಐವಿ ಇದ್ದು, ಚಿಕಿತ್ಸೆಯಿಂದ ರಕ್ತದಲ್ಲಿ ವೈರಸ್ ಕಾಣದಷ್ಟು ಕಡಿಮೆಯಾಗಿ ಹಾಗೇ ಉಳಿದಿದ್ದರೆ, ಸೆಕ್ಸಿನಿಂದ ನಿಮಗೆ ಹರಡುವುದಿಲ್ಲ. ಆ ಹಂತ ಮುಟ್ಟುವ ತನಕ ನೀವು ಪ್ರೆಪ್ ತೆಗೆದುಕೊಳ್ಳಬಹುದು.

ಎಲ್ಲಿ ಕೇಳುವುದು?

ಔಷಧಿ ಯಾವುದು ಅನ್ನುವುದಕ್ಕಿಂತ ಯಾರ ಕೈಯಿಂದ ಸಿಗುತ್ತದೆ ಅನ್ನುವುದೇ ನೀವು ಮುಂದುವರಿಸುತ್ತೀರಾ ಇಲ್ಲವಾ ಅಂತ ತೀರ್ಮಾನ ಮಾಡುತ್ತದೆ. ನಾನು ನೋಡಿದ ಮಟ್ಟಿಗೆ ಇದು ಸತ್ಯ.

ಖಾಸಗಿ ಡಾಕ್ಟರ್ ಬೇಗ ಸಿಗುತ್ತಾರೆ, ಕಾಯುವುದು ಕಡಿಮೆ. ಮಾತ್ರೆಗೆ ತಿಂಗಳಿಗೆ ಎರಡು ಸಾವಿರ ರೂಪಾಯಿ ಆಸುಪಾಸು, ಟೆಸ್ಟಿನ ಖರ್ಚು ಬೇರೆ. ಗಾರ್ಮೆಂಟ್ಸಿನಲ್ಲಿ ದುಡಿಯುವವರಿಗೆ, ದಿನಗೂಲಿಯವರಿಗೆ ಇದು ಆಗದ ಮಾತು. ಐಟಿಯವರಿಗೆ ದುಡ್ಡಿಗಿಂತ ಡಾಕ್ಟರ ಮುಖವೇ ತೊಂದರೆ. "ಮದುವೆ ಆಗಿದೆಯಾ? ಮತ್ತೆ ಇದ್ಯಾಕೆ?" ಅಂತ ಕೇಳಿಸಿಕೊಂಡು ಚೀಟಿಯನ್ನೂ ತೆಗೆದುಕೊಳ್ಳದೆ ಎದ್ದು ಬಂದವರನ್ನು ನಾನು ಬಲ್ಲೆ. ಮನೆಯ ಹತ್ತಿರದ ಫ್ಯಾಮಿಲಿ ಡಾಕ್ಟರಿಗಿಂತ ಸೋಂಕು ರೋಗದ ತಜ್ಞರ ಹತ್ತಿರ, ಇಲ್ಲವೇ ಸಮುದಾಯದವರು ಹೇಳಿದ ಡಾಕ್ಟರ ಹತ್ತಿರ ಹೋಗಿ. ಆನ್‌ಲೈನಿನಲ್ಲಿ ಮಾತ್ರೆ ತರಿಸಬಹುದು, ಮೆಡಿಕಲ್ ಶಾಪಿನ ಹುಡುಗ ಹೆಸರು ಕೂಗುವ ಭಯ ಇಲ್ಲ. ಆದರೆ ಅಲ್ಲಿ ಟೆಸ್ಟ್ ತಪ್ಪಿಹೋಗುತ್ತದೆ. ಟೆಸ್ಟ್ ಇಲ್ಲದ ಪ್ರೆಪ್ ಬೇಡ.

ಸರ್ಕಾರದ ಕಡೆ, ನ್ಯಾಕೋ (ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ) 2022ರಲ್ಲೇ ಪ್ರೆಪ್‌ಗೆ ಮಾರ್ಗಸೂಚಿ ತಂದಿದೆ. ಟೆಸ್ಟ್, ಪೆಪ್, ಕಾಂಡೋಮ್, ಚಿಕಿತ್ಸೆ ಉಚಿತ. ಪ್ರೆಪ್ ಮಾತ್ರ ಎಲ್ಲ ಕೇಂದ್ರಗಳಲ್ಲೂ ಹಾಗೆ ಸಿಗುವುದಿಲ್ಲ. ಹೋಗುವ ಮೊದಲು 1097ಕ್ಕೆ ಫೋನ್ ಮಾಡಿ ಕೇಳಿ. ಅದು ಉಚಿತ ಸಹಾಯವಾಣಿ. ಎಆರ್‌ಟಿ ಕೇಂದ್ರದ, ಅಂದರೆ ಎಚ್‌ಐವಿ ಇರುವವರಿಗೆ ಚಿಕಿತ್ಸೆ ಕೊಡುವ ಕೇಂದ್ರದ ಸಾಲಿನಲ್ಲಿ ನಿಂತರೆ ಯಾರಾದರೂ ನೋಡಿ ತಪ್ಪು ತಿಳಿದುಕೊಂಡಾರು ಅನ್ನುವ ಭಯ ಹಲವರಿಗೆ. ಆ ಭಯಕ್ಕೆ ಬೈದು ಪ್ರಯೋಜನ ಇಲ್ಲ, ಬೇರೆ ಜಾಗ ಕೊಡಬೇಕು.

ಆ ಬೇರೆ ಜಾಗ ಅಂದರೆ ಸಮುದಾಯದವರೇ ನಡೆಸುವ ಸಂಸ್ಥೆ. ನನ್ನ ಓಟು ಇದಕ್ಕೇ. ಮೈಸೂರಿನ ಅಶೋದಯ ಸಮಿತಿಯನ್ನು ನೋಡಿ. ಲೈಂಗಿಕ ಕಾರ್ಯಕರ್ತರೇ ನಡೆಸುವ ಸಂಸ್ಥೆ ಅದು. ಅವರ ಪ್ರೆಪ್ ಯೋಜನೆಯಲ್ಲಿ ಆರುನೂರಕ್ಕೂ ಹೆಚ್ಚು ಮಹಿಳೆಯರು ಸೇರಿದರು, ಬಹುತೇಕ ಎಲ್ಲರೂ ಕೊನೆಯ ತನಕ ಉಳಿದರು, ಯಾರಿಗೂ ಎಚ್‌ಐವಿ ಬರಲಿಲ್ಲ. ಆಫ್ರಿಕಾದ ಆ ಎರಡು ಅಧ್ಯಯನಗಳಲ್ಲಿ ಡಬ್ಬಿಯಲ್ಲೇ ಉಳಿದುಹೋಗಿದ್ದೂ ಇಂಥದ್ದೇ ಮಾತ್ರೆ. ಇಲ್ಲಿ ಹೇಳಿದವರು ತಮ್ಮವರೇ ಆಗಿದ್ದರು. ಶುರು ಮಾಡುವ ಮೊದಲೇ ಮಹಿಳೆಯರ ಜೊತೆ ಕೂತು ಅವರ ಅನುಮಾನಗಳನ್ನೆಲ್ಲ ಕೇಳಿಸಿಕೊಂಡಿದ್ದರು. ಇದಕ್ಕೆ ತದ್ವಿರುದ್ಧವಾದ ನೋವಿನ ಕಥೆ ಹೈದರಾಬಾದಿನ ಮಿತ್ರ್ ಕ್ಲಿನಿಕ್ಕಿನದು. 2021ರಲ್ಲಿ ಟ್ರಾನ್ಸ್ ಸಮುದಾಯಕ್ಕಾಗಿ ಶುರುವಾಗಿದ್ದು, ಸಮುದಾಯದವರೇ ಅಲ್ಲಿ ಕೆಲಸಕ್ಕಿದ್ದರು. ಅಮೆರಿಕ ನೆರವು ನಿಲ್ಲಿಸಿದ ಕೂಡಲೇ 2025ರ ಜನವರಿಯಲ್ಲಿ ಬಾಗಿಲು ಮುಚ್ಚಿತು. ಇಂಥ ಜಾಗಗಳನ್ನು ಹೊರಗಿನ ದುಡ್ಡಿನ ಮೇಲೆ ಬಿಡಬಾರದು, ನಮ್ಮ ರಾಜ್ಯ ಸರ್ಕಾರವೇ ನಡೆಸಲು ಹಣ ಕೊಡಬೇಕು.

ಮನೆಯ ಹಿರಿಯರ ಮಾತೂ ಅಷ್ಟೇ ಮುಖ್ಯ. ಹಮಾಮಿನಲ್ಲಿ, ಅಂದರೆ ಟ್ರಾನ್ಸ್ ಮಹಿಳೆಯರು ಒಟ್ಟಿಗೆ ಇರುವ ಮನೆಯಲ್ಲಿ, ಗುರು ಬೇಡ ಅಂದರೆ ಚೇಲಾ (ಶಿಷ್ಯೆ) ಮಾತ್ರೆ ಮುಟ್ಟುವುದಿಲ್ಲ. ಒಬ್ಬ ಗುರು ನನ್ನನ್ನು ಕೂರಿಸಿ ಟೀ ಕೊಟ್ಟು ಕೇಳಿದರು, "ಹಾರ್ಮೋನ್ ಕೆಲಸ ಕೆಡಿಸಲ್ಲ ತಾನೇಮ್ಮ? ನನ್ ಮಕ್ಕಳ ಮೈ ಮತ್ತೆ ಗಂಡಸರ ಥರ ಆಗಲ್ವಲ್ಲ?" ಪ್ರೆಪ್ ಹಾರ್ಮೋನನ್ನು ಕೆಡಿಸುವುದಿಲ್ಲ. ಹಾರ್ಮೋನಿನಿಂದ ಪ್ರೆಪ್ ಪ್ರಮಾಣ ಮೈಯಲ್ಲಿ ಸ್ವಲ್ಪ ತಗ್ಗಬಹುದು, ಅದಕ್ಕೇ ದಿನಾ ತಪ್ಪಿಸಬಾರದು ಅಂತ ಹೇಳಿದೆ. ಚೇಲಾಗಳಿಗೆ ಕರಪತ್ರ ಹಂಚಿದ್ದಕ್ಕಿಂತ ಆ ಒಂದು ಮಾತುಕತೆಯಿಂದ ಜಾಸ್ತಿ ಕೆಲಸ ಆಯಿತು.

ಯಾರಿಗೆ ಯಾವುದು

ನನ್ನನ್ನು ನೇರವಾಗಿ ಕೇಳಿದರೆ ಹೀಗೆ ಹೇಳುತ್ತೇನೆ. ಲೈಂಗಿಕ ಕೆಲಸದಲ್ಲಿರುವ ಹೆಂಗಸರಿಗೆ ದಿನದ ಮಾತ್ರೆ, ಡಬ್ಬಿ ಡ್ರಾಪ್ ಇನ್ ಸೆಂಟರಿನಲ್ಲಿ. ಹಾರ್ಮೋನ್ ತೆಗೆದುಕೊಳ್ಳುವ ಟ್ರಾನ್ಸ್ ಮಹಿಳೆಯರಿಗೂ ದಿನದ ಮಾತ್ರೆಯೇ, ಹಾರ್ಮೋನಿನ ಹೊತ್ತಿಗೇ ಜೊತೆ ಮಾಡಿಕೊಂಡರೆ ಮರೆಯುವುದಿಲ್ಲ. ತಿಂಗಳಿಗೆ ಒಂದೆರಡು ಸಲ, ಮೊದಲೇ ಗೊತ್ತು ಮಾಡಿಕೊಂಡು ಗಂಡಸರನ್ನು ಭೇಟಿಯಾಗುವ ಗಂಡಸರಿಗೆ ಬೇಕಾದಾಗಿನ ಕ್ರಮ. ವಾರಕ್ಕೊಂದು ಭೇಟಿ ದಾಟಿದರೆ ದಿನದ್ದು. ಮಾತ್ರೆ ನುಂಗಲು, ಇಡಲು, ನೆನಪಿಡಲು ಯಾವ ದಾರಿಯೂ ಇಲ್ಲದವರಿಗೆ ಮುಂದೆ ಇಂಜೆಕ್ಷನ್, ಅಲ್ಲಿಯ ತನಕ ಕಾಂಡೋಮ್ ಮತ್ತು ಪೆಪ್‌ನ ವಿಳಾಸ ಕೈಯಲ್ಲಿರಲಿ. ಹೆಂಡತಿಗೆ, ಗಂಡನಿಗೆ ಎಚ್‌ಐವಿ ಇದ್ದರೆ ಅವರ ಚಿಕಿತ್ಸೆ ಮೊದಲು, ನಡುವಿನ ತಿಂಗಳುಗಳಿಗೆ ಪ್ರೆಪ್.

ಪ್ರೆಪ್ ಜೀವನ ಪೂರ್ತಿ ತೆಗೆದುಕೊಳ್ಳುವ ಔಷಧಿ ಅಲ್ಲ. ಕೆಲಸ ಬಿಟ್ಟಿರಿ, ಒಬ್ಬರ ಜೊತೆಗೇ ಇದ್ದೀರಿ, ಇಬ್ಬರ ಟೆಸ್ಟೂ ಆಗಿದೆ ಅಂದರೆ ನಿಲ್ಲಿಸಬಹುದು. ನಿಲ್ಲಿಸುವ ದಿನವೂ ಕೇಳಿ ನಿಲ್ಲಿಸಿ. ಕೊನೆಯ ಸೆಕ್ಸ್ ಆದ ಮೇಲೆ ಗಂಡಸರು ಎರಡು ದಿನ, ಹೆಂಗಸರು ಕನಿಷ್ಠ ಏಳು ದಿನ ಮಾತ್ರೆ ಮುಂದುವರಿಸಬೇಕು. ಹಾರ್ಮೋನ್ ತೆಗೆದುಕೊಳ್ಳುವ ಟ್ರಾನ್ಸ್ ಮಹಿಳೆಯರಿಗೂ ಏಳು ದಿನದ ಲೆಕ್ಕವೇ. ಮಧ್ಯದಲ್ಲಿ ಬಿಟ್ಟುಹೋಗಿ ಮತ್ತೆ ಬೇಕು ಅನಿಸಿದರೆ ಇನ್ನೊಮ್ಮೆ ಟೆಸ್ಟ್ ಮಾಡಿಸಿ ಶುರು ಮಾಡಬಹುದು. ಬಿಟ್ಟಿದ್ದಕ್ಕೆ ಬೈಯುವ ಕ್ಲಿನಿಕ್ ಆದರೆ ಬೇರೆ ಕ್ಲಿನಿಕ್ ನೋಡಿಕೊಳ್ಳಿ.